ಪರಸ್ಥಳದ ವರ್ತಕರೂ ದಂಡಿನ ಕನ್ನಡವೂ

ಕಳೆದ ವರ್ಷ ಪರದೇಶದ ಯಂತ್ರವ್ಯಾಪಾರಿಯೊಬ್ಬರು ನಮ್ಮ ಮುದ್ರಣಾಲಯಕ್ಕೆ ದಯಮಾಡಿಸಿದ್ದರು. ಸಜ್ಜನರು, ವಿದ್ಯಾವಂತರು, ತಮ್ಮ ಸರಕಿನ ಗುಣದೋಷಗಳನ್ನು ಚೆನ್ನಾಗಿ ಬಲ್ಲವರು. ಇಂದಿರಾನಗರದ ಹೋಟೆಲೊಂದರಲ್ಲಿ ಬಿಡಾರ ಮಾಡಿ, ಶಿವಾಜಿನಗರದಿಂದ ಕೃಷ್ಣರಾಜಪುರದವರೆಗೆ ಐದು ದಿನಗಳಲ್ಲಿ ಹನ್ನೆರಡು ಮಂದಿ ಯಜಮಾನರನ್ನು ಕಂಡು, ಹನ್ನೆರಡರಲ್ಲಿ ಒಂಬತ್ತು ಕಡೆ ವ್ಯವಹಾರ ಕುದುರಿತೆಂದು ಕೈಪುಸ್ತಕದಲ್ಲಿ ಗುರುತು ಹಾಕಿಕೊಂಡು ಊರಿಗೆ ಮರಳಿದರು. ಮೂರು ತಿಂಗಳು ಕಳೆದರೂ ಎರಡು ಕಡೆಯಿಂದಲ್ಲದೆ ಹಣವಾಗಲಿ ಪತ್ರವಾಗಲಿ ಬರಲಿಲ್ಲ. ಆಗ ಅವರು ನಮಗೆ ಬರೆದ ಕಾಗದದಲ್ಲಿ, ಈ ಊರಿನವರು ಮಾತಿಗೆ ತಪ್ಪುವವರೆಂಬ ಧ್ವನಿಯಿತ್ತು. ನಮಗೆ ಮೊದಲು ಸಿಟ್ಟು ಬಂತು. ಆಮೇಲೆ ವಿಚಾರಿಸಿ ನೋಡಲಾಗಿ, ಉಳಿದ ಏಳು ಮಂದಿಯಲ್ಲಿ ಒಬ್ಬರೂ ಮಾತು ಕೊಟ್ಟೇ ಇರಲಿಲ್ಲವೆಂದು ತಿಳಿಯಿತು. ಅವರೆಲ್ಲರೂ ಹೇಳಿದ್ದು ಒಂದೇ ಮಾತು, ಕೆಲವರು ಕನ್ನಡದಲ್ಲಿ, ಕೆಲವರು ಅದನ್ನೇ ಇಂಗ್ಲೀಷಿಗೆ ತಿರುಗಿಸಿ: “ನೋಡೋಣ.” ಆ ಏಳು ಮಂದಿಯಲ್ಲಿ ನಾವೂ ಒಬ್ಬರೆಂಬುದನ್ನು ವಾಚಕರಿಂದ ಮುಚ್ಚಿಡುವುದು ನ್ಯಾಯವಲ್ಲ.

“ನೋಡೋಣ” ಎಂಬ ಮಾತು ಎಷ್ಟು ಕೆಲಸ ಮಾಡುತ್ತದೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು “ಊರಿಗೆ ಹೋಗಿ ಕಾಗದ ಬರೆಯುತ್ತೇವೆ” ಎಂದರೆ ಹೆಣ್ಣಿನ ತಂದೆ ಅಂಚೆಯವನ ದಾರಿ ಕಾಯುವುದಿಲ್ಲ. ಅಂಗಡಿಯವರು “ಇಂದು ನಗದು, ನಾಳೆ ಸಾಲ” ಎಂದು ಹಲಗೆ ತೂಗುಹಾಕಿದರೆ ಯಾರೂ ಮರುದಿನ ಹೋಗಿ ಸಾಲ ಕೇಳುವುದಿಲ್ಲ. ಹಳ್ಳಿಗಳಲ್ಲಿ ಮನೆಯ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆಯುತ್ತಿದ್ದುದನ್ನು ನಮ್ಮ ವಯಸ್ಸಿನವರೆಲ್ಲರೂ ಕಂಡಿದ್ದೇವೆ. ದೆವ್ವಕ್ಕೂ “ಬರಬೇಡ” ಎನ್ನಲಾರದೆ “ನಾಳೆ ಬಾ” ಎನ್ನುವ ಜನ, ಸಮುದ್ರ ದಾಟಿ ಯಂತ್ರ ಮಾರಲು ಬಂದ ಅತಿಥಿಗೆ ಮುಖದೆದುರಿಗೆ “ಬೇಡ” ಎಂದು ಹೇಳುವರೆ? ಇದು ಕಪಟವಲ್ಲ, ಎದುರಿನವರ ಮುಖ ಬಾಡದಂತೆ ನೋಡಿಕೊಳ್ಳುವ ದಾಕ್ಷಿಣ್ಯ. ಆದರೆ ಈ ದಾಕ್ಷಿಣ್ಯಕ್ಕೂ ಒಂದು ವ್ಯಾಕರಣವಿದೆ. “ನೋಡೋಣ” ಎಂದು ಅಲ್ಲಿಗೇ ನಿಲ್ಲಿಸಿದರೆ ಇಲ್ಲವೆಂದರ್ಥ. “ನೋಡೋಣ, ಶುಕ್ರವಾರ ಒಂದು ಫೋನು ಮಾಡಿ” ಎಂದು ವಾರ ಸೇರಿಸಿದರೆ ಬಾಗಿಲು ಅರ್ಧ ತೆರೆದಿದೆ. “ಆಯಿತು” ಎಂದರೆ ಕೇಳಿಸಿತು ಎಂದಷ್ಟೇ. “ಆಗಲಿ, ಮಾಡೋಣ” ಎಂದರೆ ಒಪ್ಪಿಗೆ. ಇದರ ಮೇಲೆ ತಲೆಯನ್ನು ಎಡಕ್ಕೂ ಬಲಕ್ಕೂ ತೂಗಾಡಿಸುವ ನಮ್ಮ ಅಭ್ಯಾಸ ಬೇರೆ. ಅದನ್ನು ನಿಷೇಧವೆಂದು ತಿಳಿದು, ಸಿಕ್ಕಿದ ವ್ಯಾಪಾರವನ್ನೇ ಬಿಟ್ಟುಹೋದವರೂ ಇದ್ದಾರೆ.

ಹಾಸ್ಯಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆ ಮಹಾಶಯರು ಇಲ್ಲಿಗೆ ಬರುವುದಕ್ಕೆ ಮುಂಚೆ ಜಪಾನಿಗೆ ಹೋಗಿ ಬಂದಿದ್ದರು. ಅಲ್ಲಿಗೆ ಹೊರಡುವ ಮುನ್ನ ಅವರ ಕಂಪೆನಿಯವರು ಎರಡು ದಿನ ಪಾಠ ಹೇಳಿಸಿದ್ದರಂತೆ. ಹೆಸರಿನ ಚೀಟಿಯನ್ನು ಎರಡು ಕೈಗಳಲ್ಲಿ ನೀಡಬೇಕು, ಕೊಟ್ಟದ್ದನ್ನು ಓದದೆ ಜೇಬಿಗೆ ತುರುಕಬಾರದು, ಜಪಾನಿಯರು “ಹಾಯ್” ಎಂದರೆ ಕೇಳಿಸಿಕೊಂಡೆನೆಂದು ಅರ್ಥವೇ ಹೊರತು ಒಪ್ಪಿದೆನೆಂದಲ್ಲ, ಇತ್ಯಾದಿ. ನಮ್ಮ “ಆಯಿತು” ಎಂಬುದು ಆ “ಹಾಯ್” ಎಂಬುದಕ್ಕೆ ಸಾಕ್ಷಾತ್ ಒಡಹುಟ್ಟಿದ್ದೆಂದು ನಾವು ತಿಳಿಸಿದಾಗ ಅವರು ಬೆರಗಾದರು. ಬೆಂಗಳೂರಿಗೆ ಹೊರಟಾಗ ಯಾವ ಪಾಠವೂ ಇರಲಿಲ್ಲ. ಏಕೆಂದು ಕೇಳಿದೆವು. “ಬೆಂಗಳೂರಿನಲ್ಲಿ ಇಂಗ್ಲೀಷು ನಡೆಯುತ್ತದಲ್ಲ” ಎಂದರು. ಇಂಗ್ಲೀಷು ನಡೆಯುತ್ತದೆ ನಿಜ. ಅದು ನಡೆಯುವ ದಾರಿಯಲ್ಲಿ ವ್ಯಾಪಾರ ಎಡವಿ ಬಿದ್ದದ್ದೂ ನಿಜ.

ಬೆಂಗಳೂರಿನಲ್ಲಿ ಇಂಗ್ಲೀಷೊಂದೇ ಸಾಕೆಂಬ ಮಾತು ಹುಟ್ಟಿದ್ದು ಎಲ್ಲಿ? ಅದು ಹುಟ್ಟಿದ ಸ್ಥಳವನ್ನು ಕಾಲ್ನಡಿಗೆಯಲ್ಲಿ ಹೋಗಿ ನೋಡಬಹುದು. ಶ್ರೀರಂಗಪಟ್ಟಣದ ಚಳಿಜ್ವರವನ್ನು ತಾಳಲಾರದೆ ಕಂಪೆನಿಯ ಪಡೆ ೧೮೦೯ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಪಕ್ಕದ ಬಯಲಿನಲ್ಲಿ ಬೀಡುಬಿಟ್ಟಿತು. ಆ ದಂಡಿನೊಡನೆ ತಮಿಳುನಾಡಿನ ಗುತ್ತಿಗೆದಾರರು, ಅಂಗಡಿಕಾರರು, ಅಡಿಗೆಯವರು, ಕುದುರೆಯಾಳುಗಳು ಬಂದರು. ದಖನಿ ಉರ್ದುವಿನವರು, ತೆಲುಗರು, ಮುಂದೆ ಕಚ್ಛೀ ಮೇಮನ್ ವರ್ತಕರು ಬಂದು ನೆಲೆಸಿದರು. ೧೮೬೪ರಲ್ಲಿ ಮದರಾಸಿನ ಕಡೆಯಿಂದ ರೈಲು ಬಂದು ಮುಟ್ಟಿದ್ದೂ ದಂಡಿನ ನಿಲ್ದಾಣವನ್ನೇ. ಮೈಸೂರು ಸಂಸ್ಥಾನವನ್ನು ೧೮೮೧ರಲ್ಲಿ ಒಡೆಯರಿಗೆ ಹಿಂದಿರುಗಿಸಿದಾಗಲೂ ಈ ಭಾಗವನ್ನು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿಯೇ ಇಟ್ಟುಕೊಂಡರು. ೧೯೪೭ರ ಜುಲೈವರೆಗೆ ಒಂದೇ ಊರಿಗೆ ಎರಡು ಆಡಳಿತ. ೧೯೪೯ರಲ್ಲಿ ಎರಡು ಪುರಸಭೆಗಳೂ ಕೂಡಿ ಒಂದು ಕಾರ್ಪೊರೇಷನ್ ಆಯಿತು. ನಡುವೆ ಕಬ್ಬನ್ ಪಾರ್ಕು ಗಡಿಯಂತೆ ಹಬ್ಬಿಕೊಂಡಿತ್ತು. ಪಡುವಲ ಪೇಟೆಯಲ್ಲಿ ಕನ್ನಡವಿಲ್ಲದೆ ಒಂದು ಹೊತ್ತು ಸಾಗದು. ಮೂಡಲ ದಂಡಿನಲ್ಲಿ ಕನ್ನಡದ ಒಂದಕ್ಷರವೂ ಇಲ್ಲದೆ ಜೀವಮಾನವನ್ನೇ ಕಳೆಯಬಹುದಾಗಿತ್ತು.

ಹಾಗೆಂದು ಕಂಪೆನಿಯ ಜನವೆಲ್ಲರೂ ದೇಶಭಾಷೆಗಳಿಗೆ ವಿಮುಖರಾಗಿದ್ದರೆನ್ನುವುದು ಸರಿಯಲ್ಲ. ೧೮೧೨ರಲ್ಲಿ ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಕಾಲೇಜೊಂದನ್ನು ತೆರೆದು, ಜಿಲ್ಲೆಗಳಿಗೆ ಹೋಗತಕ್ಕ ತರುಣ ಅಧಿಕಾರಿಗಳಿಗೆ ತಮಿಳು, ತೆಲುಗು, ಕನ್ನಡಗಳನ್ನು ಕಲಿಸುತ್ತಿದ್ದರು. ಮೆಕೆರೆಲ್ ಎಂಬಾತನ ಕರ್ನಾಟಕ ಭಾಷಾ ವ್ಯಾಕರಣ ೧೮೨೦ರಲ್ಲಿ ಅಚ್ಚಾದದ್ದು ಈ ಅಗತ್ಯದಿಂದಲೇ. ಕಂದಾಯ ವಸೂಲಿ ಮಾಡುವವನು ರೈತನ ನುಡಿಯನ್ನು ಕಲಿತನು. ದಂಡಿನಲ್ಲಿ ಕುಳಿತವನಿಗೆ ಆ ಹಂಗಿರಲಿಲ್ಲ, ಅವನ ಕೆಲಸವನ್ನು ದುಭಾಷಿ ಮಾಡುತ್ತಿದ್ದ. ಭಾಷೆ ಕಲಿಯದೆ ಇರುವುದು ಶಕ್ತಿಯ ಕುರುಹೆಂಬ ಭ್ರಮೆ ದಂಡಿನ ಗಾಳಿಯಲ್ಲಿ ಬೇರೂರಿತು. ದಂಡು ಹೋಯಿತು, ಸೌತ್ ಪೆರೇಡ್ ಹೋಗಿ ೧೯೪೮ರಲ್ಲಿ ಮಹಾತ್ಮಾ ಗಾಂಧಿ ರಸ್ತೆಯಾಯಿತು, ಬ್ಲಾಕ್‌ಪಲ್ಲಿ ಶಿವಾಜಿನಗರವಾಯಿತು. ಭ್ರಮೆ ಮಾತ್ರ ಬಾಡಿಗೆ ಮನೆ ಬದಲಿಸಿ ಇಂದಿರಾನಗರಕ್ಕೂ ಅಲ್ಲಿಂದ ಮಹದೇವಪುರಕ್ಕೂ ಹೋಗಿ ನೆಲೆಸಿದೆ.

ಆದರೆ ದಂಡಿನ ವಿಷಯದಲ್ಲಿ ನಮ್ಮ ಕನ್ನಡಾಭಿಮಾನಿಗಳು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಅಲ್ಲಿ ಭಾಷೆ ಕಲಿಯದವರು ಸಾಹೇಬರು, ಸಂತೆಯವರಲ್ಲ. ರಸೆಲ್ ಮಾರ್ಕೆಟ್ಟಿಗೆ ಬೆಳಗಿನ ಆರು ಗಂಟೆಗೆ ಹೋಗಿ ನಿಂತು ನೋಡಿರಿ. ೧೯೨೭ರಲ್ಲಿ ಕಟ್ಟಿದ, ೧೯೩೩ರಲ್ಲಿ ಸರ್ ಇಸ್ಮಾಯಿಲ್ ಸೇಟರು ಉದ್ಘಾಟಿಸಿದ, ೨೦೧೨ರ ಬೆಂಕಿಯಲ್ಲಿ ಬೆಂದು ಮತ್ತೆ ಎದ್ದು ನಿಂತ ಆ ಕಟ್ಟಡದಲ್ಲಿ ತರಕಾರಿಯ ಮಂಡಿಯವನು ಮನೆಯವರೊಡನೆ ಉರ್ದುವಿನಲ್ಲಿ ಮಾತಾಡುತ್ತಾನೆ. ಮೂಟೆ ಇಳಿಸುವವನೊಡನೆ ತಮಿಳು. ಹೊಸಕೋಟೆ, ಮಾಲೂರಿನ ಕಡೆಯಿಂದ ಸೊಪ್ಪು ತಂದ ರೈತನೊಡನೆ ಕನ್ನಡ. ಕೋಲಾರದಾಚೆಯ ಟೊಮೇಟೊ ವ್ಯಾಪಾರಿಯೊಡನೆ ತೆಲುಗು. ಫ್ರೇಜರ್ ಟೌನಿನಿಂದ ಬಂದ ಗೃಹಿಣಿಯೊಡನೆ ಇಂಗ್ಲೀಷು. ಐದೂ ಭಾಷೆಗಳಲ್ಲಿ ಅವನಿಗೆ ವ್ಯಾಕರಣ ಬಾರದು. ಐದರಲ್ಲಿಯೂ ಲೆಕ್ಕ ತಪ್ಪದು. ಅವನು ಯಾವ ಕಾಲೇಜಿನಲ್ಲಿ ಕಲಿತನು? ರೈತನಿಗೆ ಕನ್ನಡದಲ್ಲಿ “ಏನಣ್ಣ, ಮಳೆ ಹೇಗೆ?” ಎಂದು ಕೇಳಿದ ಮೇಲೆಯೇ ಸೊಪ್ಪಿನ ದರ ಇಳಿಯುವುದೆಂಬುದನ್ನು ಅವನ ತಂದೆ ಅವನಿಗೆ ಕಲಿಸಿದನು. ಬೆಳಗಿನ ಬೋಣಿಯ ಹೊತ್ತಿನಲ್ಲಿ ದರ ಕೇಳಿ, ಚೌಕಾಸಿ ಮಾಡಿ, ಕೊಳ್ಳದೆ ಹೋಗುವವನನ್ನು ಅವನು ದಿನವೆಲ್ಲಾ ಶಪಿಸುತ್ತಾನೆಂಬುದು ಇದರೊಡನೆ ಸೇರಿದ ಪಾಠ. ಪರಸ್ಥಳದವರು ಇದನ್ನೂ ತಿಳಿದಿರುವುದು ಮೇಲು.

ಈ ಬಹುಭಾಷಾ ವ್ಯಾಪಾರ ಇಂಗ್ಲೀಷರು ತಂದದ್ದೂ ಅಲ್ಲ. ಇಂದಿರಾನಗರಕ್ಕೆ ಅಂಟಿಕೊಂಡಿರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ತಮಿಳು ಶಾಸನಗಳಿವೆ; ಹೊಯ್ಸಳ ರಾಮನಾಥನ ಕಾಲದ್ದೂ ಅವುಗಳಲ್ಲಿ ಸೇರಿದೆ. ಕನ್ನಡ ಮೂಲದ ಅರಸನೊಬ್ಬನ ಕಾಲದಲ್ಲಿ ತಮಿಳರಿದ್ದ ಊರಿನಲ್ಲಿ ತಮಿಳಿನಲ್ಲಿ ಬರೆಸಿದರೆ ಯಾರ ಮಾನವೂ ಹೋಗಲಿಲ್ಲ. ನಮ್ಮ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘವು ದಕ್ಷಿಣದೇಶದ ಉದ್ದಗಲಕ್ಕೆ ವ್ಯಾಪಾರ ನಡೆಸಿತಷ್ಟೆ. ಅವರ ಶಾಸನಗಳು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ದೊರೆತಿವೆ. ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ೧೦೮೮ರ ಕಲ್ಲೊಂದು ಸಿಕ್ಕಿದೆ; ಅದೂ ಈ ಸಂಘದ್ದೇ, ಭಾಷೆ ತಮಿಳು. ಒಂದೇ ಭಾಷೆಯನ್ನು ಕಟ್ಟಿಕೊಂಡು ಹೊರಟಿದ್ದರೆ ಆ ಎತ್ತಿನ ಹೇರುಗಳೂ ಹಡಗುಗಳೂ ಅಷ್ಟು ದೂರ ಹೋಗುತ್ತಿರಲಿಲ್ಲ.

ಇನ್ನು ಹೊಸ ಕಾಲಕ್ಕೆ ಬರೋಣ. ದಂಡಿನ ಮೂಡಲಿಗೆ ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆ, ಆಮೇಲೆ ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎ.ಇ.ಜಿ. ಕಂಪೆನಿಯ ಸಹಯೋಗದಿಂದ ನಡೆದು ಈಗ ಬಾಗಿಲು ಮುಚ್ಚಿರುವ ಎನ್.ಜಿ.ಇ.ಎಫ್. ಇವುಗಳ ದೆಸೆಯಿಂದ ಪರದೇಶದ ತಂತ್ರಜ್ಞರು ಬಂದು ಹೋಗುವುದು ರೂಢಿಯಾಯಿತು. (ಕೃಷ್ಣರಾಜಪುರದ ಪಕ್ಕದಲ್ಲಿ ಟೆಲಿಫೋನ್ ಕಾರ್ಖಾನೆಯ ಊರಿಗೆ ದೂರವಾಣಿನಗರವೆಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ, ಜನರ ಬಾಯಲ್ಲಿ ನಿಂತ ಸರ್ಕಾರಿ ಕನ್ನಡದ ಹೆಸರು ಅಪರೂಪ.) ೧೯೮೫ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿ ದಂಡಿನ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆದಾಗ, ಉಪಗ್ರಹದೊಡನೆ ಮಾತನಾಡುವ ಅದರ ಉಪಕರಣವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಚಿತ್ರವನ್ನು ಹಲವರು ಕಂಡಿರಬಹುದು. ಆಕಾಶದ ಉಪಗ್ರಹಕ್ಕೆ ಇಂಗ್ಲೀಷು ಸಾಕಾಯಿತು; ಎತ್ತುಗಳಿಗೆ ಯಾರೋ ಕನ್ನಡದಲ್ಲಿಯೋ ತಮಿಳಿನಲ್ಲಿಯೋ ಹೇಳಿಯೇ ಇರಬೇಕು. ಅಲ್ಲಿಂದೀಚೆಗೆ ನಡೆದದ್ದು ಎಲ್ಲರಿಗೂ ಗೊತ್ತಿದೆ. ಈಗ ನೇರಳೆ ಬಣ್ಣದ ಮೆಟ್ರೋ ಹಳಿ ಟ್ರಿನಿಟಿ, ಹಲಸೂರು, ಇಂದಿರಾನಗರ, ಬೈಯಪ್ಪನಹಳ್ಳಿ, ಕೃಷ್ಣರಾಜಪುರಗಳನ್ನು ಪೋಣಿಸಿಕೊಂಡು ವೈಟ್‌ಫೀಲ್ಡಿಗೆ ಹೋಗುತ್ತದೆ. ಆ ಗಾಡಿಯಲ್ಲಿ ಬೆಳಗಿನ ಹೊತ್ತು ಕುಳಿತರೆ ಭರತಖಂಡದ ಭಾಷೆಗಳೆಲ್ಲವೂ ಕಿವಿಗೆ ಬೀಳುತ್ತವೆ. ೨೦೧೧ರ ಜನಗಣತಿಯ ಪ್ರಕಾರ ಬೆಂಗಳೂರು ಜಿಲ್ಲೆಯಲ್ಲಿ ಕನ್ನಡವನ್ನು ಮನೆಮಾತೆಂದು ಬರೆಸಿದವರು ಅರ್ಧಕ್ಕಿಂತ ಕಡಮೆ.

ಹೊಸದಾಗಿ ಬಂದವರು ಮೊದಲು ಕಲಿಯುವ ಕನ್ನಡ ವಾಕ್ಯ “ಕನ್ನಡ ಗೊತ್ತಿಲ್ಲ” ಎಂಬುದು. ಅದನ್ನು ಮಾತ್ರ ಬಹು ಶುದ್ಧವಾಗಿ ಉಚ್ಚರಿಸುತ್ತಾರೆ. ಅದರ ನಂತರ ಕಲಿಯುವವು “ಬಾ”, “ಹೋಗು”, “ಕೊಡು”. ಇಲ್ಲಿಯೇ ಅಪಾಯವಿರುವುದು. ಇಂಗ್ಲೀಷಿನ ಒಂದೇ ಸರ್ವನಾಮ ರಾಜನಿಗೂ ಸೇವಕನಿಗೂ ಸಲ್ಲುತ್ತದೆ. ಕನ್ನಡದಲ್ಲಿ “ನೀನು” ಎಂಬುದಕ್ಕೂ “ನೀವು” ಎಂಬುದಕ್ಕೂ ನಡುವೆ ಒಂದು ಮನೆತನದ ಮರ್ಯಾದೆಯಿದೆ. ನಾವೊಮ್ಮೆ ಕಾಗದದ ಖರೀದಿಗೆಂದು ಹೋಗಿದ್ದ ಕಚೇರಿಯೊಂದರಲ್ಲಿ, ಉತ್ತರದೇಶದಿಂದ ಬಂದ ತರುಣ ಅಧಿಕಾರಿಯೊಬ್ಬರು ನಿವೃತ್ತಿಯ ಅಂಚಿನಲ್ಲಿದ್ದ ಗುಮಾಸ್ತರನ್ನು “ಬಾ ಇಲ್ಲಿ” ಎಂದು ನಗುನಗುತ್ತಲೇ ಕರೆದರು. ಅವರ ಮನಸ್ಸಿನಲ್ಲಿ ತಾತ್ಸಾರವಿರಲಿಲ್ಲ. ಕನ್ನಡದಲ್ಲಿ ಮಾತಾಡಿದೆನೆಂಬ ಸಂತೋಷವೇ ಇತ್ತು. ಗುಮಾಸ್ತರು ಬಂದರು, ಕಡತವನ್ನು ಮೇಜಿನ ಮೇಲಿಟ್ಟರು, ಒಂದು ಮಾತೂ ಆಡದೆ ಹಿಂದಿರುಗಿದರು. ನಮ್ಮ ಬಿಲ್ಲು ಆ ಕಚೇರಿಯಿಂದ ಹೊರಬೀಳಲು ಆರು ವಾರ ಹಿಡಿಯಿತು. “ಬನ್ನಿ” ಎಂದಿದ್ದರೆ ಆರು ದಿನ ಸಾಕಾಗುತ್ತಿತ್ತೆಂದು ನಮ್ಮ ನಂಬಿಕೆ. ಆದಕಾರಣ ಕನ್ನಡ ಕಲಿಯುವ ಪರಸ್ಥಳದವರಿಗೆ ನಮ್ಮ ಅರಿಕೆಯೇನೆಂದರೆ, ಮೊದಲು ಬಹುವಚನವನ್ನು ಕಲಿಯಿರಿ. ಏಕವಚನವನ್ನು ಸ್ನೇಹ ಬೆಳೆದ ಮೇಲೆ ಅವರೇ ಕಲಿಸುತ್ತಾರೆ. ಹೊರಡುವಾಗಲೂ “ಹೋಗುತ್ತೇನೆ” ಎನ್ನಬೇಡಿರಿ, “ಬರುತ್ತೇನೆ” ಎನ್ನಿರಿ.

ಹೆಸರಿನ ವಿಷಯವೂ ಹೀಗೆಯೇ. ಪರದೇಶದ ಕಂಪೆನಿಗಳ ಅರ್ಜಿ ನಮೂನೆಗಳಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಮನೆಗಳಿರುತ್ತವೆ. ನಮ್ಮವರು ಆ ಎರಡು ಮನೆಗಳಲ್ಲಿ ಎಲ್ಲಿ ಇಳಿದುಕೊಳ್ಳಬೇಕೆಂದು ತಿಳಿಯದೆ ಹೊಸಿಲ ಮೇಲೆ ನಿಲ್ಲುತ್ತಾರೆ. ಡಿ.ವಿ.ಜಿ. ಎಂಬ ಮೂರಕ್ಷರವನ್ನೇ ತೆಗೆದುಕೊಳ್ಳಿರಿ. ಮೊದಲನೆಯದು ದೇವನಹಳ್ಳಿ, ಊರು. ಎರಡನೆಯದು ವೆಂಕಟರಮಣಯ್ಯ, ತಂದೆ. ಮೂರನೆಯದು ಗುಂಡಪ್ಪ, ತಾವು. ಸರ್ ಎಂ. ವಿಶ್ವೇಶ್ವರಯ್ಯನವರ ಎಂಬ ಅಕ್ಷರ ಮೋಕ್ಷಗುಂಡಂ. ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿಯವರ ಕೆ ಎಂಬುದು ಕ್ಯಾಸಂಬಳ್ಳಿ. ಪರದೇಶದಿಂದ ಬಂದವರು ತಮ್ಮ ಪದ್ಧತಿಯಂತೆ ಒಂದು ತುದಿಯ ಹೆಸರನ್ನು ಹಿಡಿದು “ಮಿಸ್ಟರ್ ಮೋಕ್ಷಗುಂಡಂ” ಎಂದು ಕರೆದರೆ ಒಂದು ಹಳ್ಳಿಗೆ ಹಳ್ಳಿಯನ್ನೇ ಮೇಜಿನ ಬಳಿಗೆ ಆಹ್ವಾನಿಸಿದಂತಾಗುತ್ತದೆ. ಸೋಜಿಗವೆಂದರೆ, ೨೦೦೮ರ ಮೇ ತಿಂಗಳಿನಿಂದ ಪರದೇಶದ ವರ್ತಕರೆಲ್ಲರೂ ವಿಮಾನದಿಂದ ಇಳಿಯುತ್ತಿರುವುದು ಆ ದೇವನಹಳ್ಳಿಯ ಸೀಮೆಯಲ್ಲಿಯೇ. ಡಿ.ವಿ.ಜಿ.ಯವರ ಮೊದಲ ಅಕ್ಷರದ ಮೇಲೆ ಕಾಲಿಟ್ಟೇ ಅವರು ಬೆಂಗಳೂರಿಗೆ ಬರುತ್ತಾರೆ. ಅಂದಹಾಗೆ ಊರಿನ ಹೆಸರಿನಿಂದ ಮಾತು ತೆಗೆಯುವುದು ನಮ್ಮಲ್ಲಿ ಅತ್ಯುತ್ತಮವಾದ ಪೀಠಿಕೆ. “ನಿಮ್ಮ ಹೆಸರಿನ ಮುಂದಿರುವ ಅಕ್ಷರ ಯಾವ ಊರು?” ಎಂದು ಒಬ್ಬ ಹಿರಿಯ ಯಜಮಾನರನ್ನು ಕೇಳಿ ನೋಡಿರಿ, ಕಾಫಿ ತಾನಾಗಿ ಬರುತ್ತದೆ.

ದಂಡಿಗೆ ವ್ಯಾಪಾರಕ್ಕೆ ಬರುವವರು ಒಂದು ಪಂಚಾಂಗವನ್ನಲ್ಲ, ಮೂರನ್ನು ನೋಡಬೇಕು. ಆಷಾಢದಲ್ಲಿ ಹೊಸ ಕರಾರಿಗೆ ರುಜು ಹಾಕಿರೆಂದರೆ ಹಲಸೂರಿನ ಹಳೆಯ ಮನೆತನದವರು “ಶ್ರಾವಣ ಬರಲಿ” ಎನ್ನುತ್ತಾರೆ. ಅಂಗಡಿಗಳವರು ಆಷಾಢದ ರಿಯಾಯಿತಿಯೆಂದು ಡಂಗುರ ಹೊಡೆಯುವುದೂ ಈ ಮಂದವ್ಯಾಪಾರದ ದೆಸೆಯಿಂದಲೇ. ಆಯುಧಪೂಜೆಯ ದಿನ ಯಂತ್ರಗಳು ಕುಂಕುಮ ಹೂವುಗಳನ್ನು ಧರಿಸಿ ವಿಶ್ರಮಿಸುತ್ತವೆ; ಆ ದಿನ ಯಂತ್ರವನ್ನು ಓಡಿಸಿ ತೋರಿಸೆಂದು ಕೇಳುವುದು ಅವಿವೇಕ. ಶುಕ್ರವಾರ ಮಧ್ಯಾಹ್ನ ಶಿವಾಜಿನಗರದ ಮುಸಲ್ಮಾನ ವರ್ತಕರು ನಮಾಜಿಗೆ ಹೋಗಿರುತ್ತಾರೆ. ರಂಜಾನಿನಲ್ಲಿ ಹಗಲು ಅವರೆದುರು ಊಟದ ಮಾತೆತ್ತುವುದು ಸಲ್ಲದು, ಆದರೆ ಸಂಜೆಯ ಮೇಲೆ ಅವರ ಬೀದಿಯಷ್ಟು ಆತಿಥ್ಯ ಬೇರೆಲ್ಲಿಯೂ ಸಿಗದು. ಸೆಪ್ಟೆಂಬರ್ ೮ರಂದು ಸೇಂಟ್ ಮೇರಿ ಬೆಸಿಲಿಕದ ತೇರು. ಸೀರೆಯುಟ್ಟ ಮೇರಿಯಮ್ಮನ ಆ ಉತ್ಸವಕ್ಕೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಆ ಸಂಜೆ ಶಿವಾಜಿನಗರದ ಬಸ್ ನಿಲ್ದಾಣದ ಬಳಿ ಯಾರನ್ನಾದರೂ ಕಾಣುತ್ತೇನೆಂದು ಮಾತು ಕೊಟ್ಟವರು ರಾತ್ರಿಯವರೆಗೂ ಕಾಣಲಾರರು.

ಹಲಸೂರಿನ ಕೆರೆಯ ಬಳಿ ತಿರುವಳ್ಳುವರ ಪ್ರತಿಮೆ ಇದೆ. ಅದರ ಕಥೆಯನ್ನೂ ಬಂದವರಿಗೆ ಹೇಳುವುದೊಳ್ಳೆಯದು. ೧೯೯೧ರಲ್ಲಿ ಸಿದ್ಧವಾದ ಪ್ರತಿಮೆ ಎರಡು ಭಾಷೆಯವರ ವೈಮನಸ್ಯದಿಂದ ೧೮ ವರ್ಷ ಮುಸುಕಿನೊಳಗೇ ನಿಂತಿತು. ಕೊನೆಗೆ ೨೦೦೯ರ ಆಗಸ್ಟ್ ೯ರಂದು ಇಲ್ಲಿ ತಿರುವಳ್ಳುವರ ಮುಸುಕು ತೆಗೆದರು; ನಾಲ್ಕು ದಿನಗಳ ತರುವಾಯ ಚೆನ್ನೈಯಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯ ಮುಸುಕು ತೆಗೆದರು. ಕೊಟ್ಟು ತೆಗೆದುಕೊಂಡ ವ್ಯವಹಾರವಾದ್ದರಿಂದ ಅದು ನಡೆಯಿತು. ಒಂದೇ ಕಡೆಯವರು ಕೊಡುತ್ತಿದ್ದರೆ ಇಂದಿಗೂ ಆ ಮುಸುಕು ಹಾಗೆಯೇ ಇರುತ್ತಿತ್ತು.

ಇಷ್ಟೆಲ್ಲ ಬರೆದ ಮೇಲೆ ನಮ್ಮವರ ತಪ್ಪನ್ನು ಹೇಳದೆ ಬಿಟ್ಟರೆ ಲೇಖನಿಗೆ ಅಪಚಾರವಾದೀತು. ಜಪಾನಿಗೆ ಹೋಗುವವರು ಜಪಾನಿನ ರೀತಿಯನ್ನು ಕಲಿಯುವುದು ಜಪಾನಿಯರು ಅದನ್ನು ಬಿಟ್ಟುಕೊಡದೆ ಇರುವುದರಿಂದ. ನಾವು? ಬಂದವರು ಎರಡು ಕನ್ನಡ ಪದಗಳನ್ನು ತೊದಲಿದೊಡನೆಯೇ ಅವರಿಗೆ ಕಷ್ಟವಾಗಬಾರದೆಂದು ಅವರದೇ ಭಾಷೆಗೆ ಜಿಗಿಯುತ್ತೇವೆ. ಇದನ್ನು ನಾವು ಸೌಜನ್ಯವೆನ್ನುತ್ತೇವೆ. ಕಲಿಯಲು ಹೊರಟವರ ಕೈಯಿಂದ ಹಲಗೆ ಬಳಪವನ್ನು ಕಿತ್ತುಕೊಳ್ಳುವುದು ಯಾವ ಸೌಜನ್ಯ? ಒಂದೆಡೆ ಹೀಗೆ ಮಾತಿನಲ್ಲಿ ಕನ್ನಡವನ್ನು ಬಿಟ್ಟುಕೊಟ್ಟು, ಇನ್ನೊಂದೆಡೆ ಹಲಗೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತೇವೆ. ೨೦೨೩ರ ಡಿಸೆಂಬರಿನಲ್ಲಿ ಇಂಗ್ಲೀಷು ನಾಮಫಲಕಗಳನ್ನು ಕಿತ್ತೆಸೆದ ಪ್ರಸಂಗವನ್ನು ನಾವು ಮೆಚ್ಚಲಾರೆವು. ೨೦೨೪ರ ತಿದ್ದುಪಡಿಯಿಂದ ಫಲಕದ ಶೇಕಡಾ ೬೦ ಭಾಗ ಕನ್ನಡದಲ್ಲಿರಬೇಕೆಂದು ವಿಧಿಯಾದದ್ದು ಒಪ್ಪತಕ್ಕದ್ದೇ. ಆದರೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಸುತ್ತು ಹೋಗಿ ಓದಿರಿ. ಅಕ್ಷರ ಕನ್ನಡದ್ದು, ಪದ ಒಂದೂ ಕನ್ನಡದ್ದಲ್ಲ. ಒಳಗೆ ಹೋಗಿ ಕನ್ನಡದಲ್ಲಿ ಅಂಗಿಯ ದರ ಕೇಳಿದರೆ ಹುಡುಗ ಹಿಂದಿಯಲ್ಲಿ ಉತ್ತರಿಸುತ್ತಾನೆ. ೨೦೨೫ರ ಮೇ ತಿಂಗಳಲ್ಲಿ ನಗರದ ಹೊರವಲಯದ ಬ್ಯಾಂಕು ಶಾಖೆಯೊಂದರ ಅಧಿಕಾರಿ ತಾವು ಕನ್ನಡವನ್ನು ಎಂದಿಗೂ ಆಡುವುದಿಲ್ಲವೆಂದು ಗ್ರಾಹಕರಿಗೆ ಹೇಳಿ ನಾಡಿನಲ್ಲೆಲ್ಲಾ ಕೋಲಾಹಲವಾಯಿತು. ಆ ಮಾತು ಖಂಡನಾರ್ಹ. ಆದರೆ ಸಾಲಕ್ಕೂ ಉಳಿತಾಯಕ್ಕೂ ಹಳ್ಳಿಯವರು ಬಂದು ನಿಲ್ಲುವ ಕಟಕಟೆಗೆ ಒಬ್ಬರನ್ನು ಕಳುಹಿಸುವಾಗ ಅವರಿಗೆ ನಾಲ್ಕು ಮಾತು ಕಲಿಸಿ ಕಳುಹಿಸಬೇಕಾದವರು ಯಾರು?

ಬಲವಂತವಿಲ್ಲದೆ ಕಲಿತವರ ಉದಾಹರಣೆ ನಮ್ಮೆದುರಿಗೇ ಕಲ್ಲಾಗಿ ನಿಂತಿದೆ. ಜರ್ಮನಿಯ ಫರ್ಡಿನಾಂಡ್ ಕಿಟ್ಟೆಲರು ೧೮೫೩ರಲ್ಲಿ ಈ ದೇಶಕ್ಕೆ ಬಂದರು. ೧೮೯೪ರಲ್ಲಿ ಅವರ ಕನ್ನಡ-ಇಂಗ್ಲೀಷು ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು ೭೦,೦೦೦ ಪದಗಳು. ಆ ಕಿಟ್ಟೆಲರ ಪ್ರತಿಮೆ ದಂಡಿನ ಹೃದಯದಲ್ಲಿ, ಮಹಾತ್ಮಾ ಗಾಂಧಿ ರಸ್ತೆಯಲ್ಲಿಯೇ ಇದೆ. ಅದರ ಮುಂದೆ ದಿನಕ್ಕೆ ಸಾವಿರಾರು ಮಂದಿ ಹಾದುಹೋಗುತ್ತಾರೆ. ಎಲ್ಲರೂ ಎಪ್ಪತ್ತು ಸಾವಿರ ಪದಗಳನ್ನು ಕೂಡಿಡಬೇಕೆಂದು ನಾವು ಕೇಳುವುದಿಲ್ಲ, ಎಪ್ಪತ್ತು ಸಾಕು. ೨೦೨೪ರಲ್ಲಿ ನಮ್ಮ ಆಟೋ ರಿಕ್ಷಾದವರು ಕೆಲವರು ಆಸನದ ಮುಂದೆ ಕನ್ನಡ ವಾಕ್ಯಗಳ ಚೀಟಿಯನ್ನು ತೂಗುಹಾಕಿ, ಪಕ್ಕದಲ್ಲಿ ಇಂಗ್ಲೀಷು ಅರ್ಥ ಬರೆದಿದ್ದರು. ಸವಾರಿ ಮುಗಿಯುವುದರೊಳಗೆ ಪರಸ್ಥಳದವನು ಚಿಲ್ಲರೆ ಕೇಳುವುದನ್ನಾದರೂ ಕಲಿತಿರುತ್ತಾನೆ. ದೊಡ್ಡ ದೊಡ್ಡ ಸಂಸ್ಥೆಗಳಿಗೆ ತೋಚದಿದ್ದುದು ಮೂರು ಚಕ್ರದ ಗಾಡಿಯವರಿಗೆ ತೋಚಿತು.

ಈಗ ನಮ್ಮ ಸೂಚನೆಯನ್ನು ಹೇಳಿಬಿಡುತ್ತೇವೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಒಂದು ವರ್ಷದ ಅಂತರದಲ್ಲಿ, ಈ ಊರಿನಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು: ೧೯೧೫ರಲ್ಲಿ ಸಾಹಿತ್ಯ ಪರಿಷತ್ತು, ೧೯೧೬ರಲ್ಲಿ ವಾಣಿಜ್ಯ ಮಂಡಲಿ. ಒಂದು ನುಡಿಗೆ, ಒಂದು ವ್ಯಾಪಾರಕ್ಕೆ. ಅಕ್ಕತಂಗಿಯರಂತಿರಬೇಕಾದ ಇವೆರಡೂ ನೂರು ವರ್ಷಗಳಿಗೆ ಮೇಲ್ಪಟ್ಟು ಒಂದೇ ಊರಿನಲ್ಲಿದ್ದು ಒಬ್ಬರ ಮನೆಯ ಹೊಸಿಲನ್ನು ಇನ್ನೊಬ್ಬರು ತುಳಿದದ್ದು ಕಡಮೆ. ಎರಡೂ ಕೂಡಿ ಇಪ್ಪತ್ತನಾಲ್ಕು ಪುಟದ ಒಂದು ಕೈಪುಸ್ತಕವನ್ನು ಅಚ್ಚು ಹಾಕಿಸಿ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿಯೂ ದಂಡಿನ ರೈಲು ನಿಲ್ದಾಣದಲ್ಲಿಯೂ ಇಂದಿರಾನಗರದ ಹೋಟೆಲುಗಳಲ್ಲಿಯೂ ಇಡಲಿ. ಅದರಲ್ಲಿ ಅರಸರ ವಂಶಾವಳಿ ಬೇಡ. ಕನ್ನಡದ ಪ್ರಾಚೀನತೆಯ ಪ್ರಶಂಸೆಯೂ ಬೇಡ. “ನೋಡೋಣ” ಎಂದರೇನು, “ಆಯಿತು” ಎಂದರೇನು, ಯಾರನ್ನು ಬಹುವಚನದಿಂದ ಕರೆಯಬೇಕು, ಹೆಸರಿನ ಯಾವ ತುಂಡು ಊರು, ಯಾವುದು ತಂದೆ, ಆಷಾಢ ಯಾವಾಗ, ರಸೆಲ್ ಮಾರ್ಕೆಟ್ಟಿನ ಬೋಣಿ ಎಷ್ಟು ಹೊತ್ತಿಗೆ, ಇವಿಷ್ಟೇ ಇರಲಿ. ಪುಸ್ತಕದ ಮುದ್ರಣವನ್ನು ನಾವು ಕಾಗದದ ಬೆಲೆಗೆ ಮಾಡಿಕೊಡಲು ಸಿದ್ಧರಿದ್ದೇವೆ. ಅದರಲ್ಲಿ ಸೇರತಕ್ಕ ಮಾತುಗಳು ವಾಚಕರಿಗೆ ತೋಚಿದರೆ, ಅರ್ಥಸಹಿತವಾಗಿ ಕಾಗದದ ಒಂದೇ ಮಗ್ಗುಲಲ್ಲಿ ಬರೆದು ನಮ್ಮ ಕಾರ್ಯಾಲಯಕ್ಕೆ ಕಳುಹಿಸಬೇಕು. ಆ ಯಂತ್ರವ್ಯಾಪಾರಿ ಮಹಾಶಯರು ಬರುವ ಕಾರ್ತಿಕದಲ್ಲಿ ಮತ್ತೆ ಬರುತ್ತಾರಂತೆ. ಮೊದಲ ಪ್ರತಿಯನ್ನು ಅವರಿಗೇ ಕೊಟ್ಟು, ಯಂತ್ರ ನಮಗೆ ಬೇಡವೆಂಬುದನ್ನೂ ಈ ಸಲ ಬಾಯಿಬಿಟ್ಟು ಹೇಳಬೇಕೆಂದಿದ್ದೇವೆ.